ಚೀಲದ ತಳದ ಚಾಳೀಸು

ಇಳಕಲ್ಲಿನ ಗಂಗವ್ವನ ಕಣ್ಣು ಹೋದದ್ದು ನನ್ನಿಂದ. ದೇವರ ಇಚ್ಛೆಯಿಂದಲ್ಲ, ಅವಳ ಹಣೆಬರಹದಿಂದಲ್ಲ — ನಾನು ಆಡಿದ ಒಂದು ಮಾತಿನಿಂದ. ಇಷ್ಟು ವರ್ಷ ಇದನ್ನು ಯಾರ ಮುಂದೂ ಹೇಳಿಲ್ಲ. ಹೆಂಡತಿಗೆ ಅರ್ಧ ಗೊತ್ತಿತ್ತು; ಉಳಿದರ್ಧವನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗಲೂ ಬರೆಯಲು ಕೂತರೆ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತೇನೆ — ಯಾರಾದರೂ ಬಂದಾರೆಂದು.

ಬಾದಾಮಿ, ಬಾಗಲಕೋಟೆ, ಹುನಗುಂದದ ಹಳಬರಿಗೆ ನನ್ನ ನೆನಪಿದ್ದರೆ ‘ಮಣ್ಣಿನ ಮಾಸ್ತರ’ ಎಂದು ಇರಬಹುದು. ಶಾಲೆಯ ಕೆಲಸ ಬಿಟ್ಟು ನಿಸರ್ಗ ಚಿಕಿತ್ಸೆಯ ಪ್ರಚಾರಕ್ಕೆ ನಿಂತವನು ನಾನು. ನಾಡು ಒಂದಾಗುವ ಮೊದಲಿನ ಮಾತಿದು. ನಾವಿನ್ನೂ ಮುಂಬಯಿ ಪ್ರಾಂತದಲ್ಲಿದ್ದೆವು. ಹೊಟ್ಟೆಯ ಮೇಲೆ ಒದ್ದೆ ಮಣ್ಣಿನ ಪಟ್ಟಿ, ತಣ್ಣೀರಿನ ಸ್ನಾನ, ವಾರಕ್ಕೊಂದು ಉಪವಾಸ, ಎಳೆಬಿಸಿಲು — ನಿನ್ನ ವೈದ್ಯ ನೀನೇ ಎಂದು ಊರೂರು ಸಾರುತ್ತ ತಿರುಗಿದೆ. ನನ್ನ ಹಳೆಯ ಹೊಟ್ಟೆನೋವು ಇದರಿಂದಲೇ ಹೋಗಿತ್ತು, ಅದು ಸುಳ್ಳಲ್ಲ. ಸುಳ್ಳು ಹೊಕ್ಕದ್ದು ಕಣ್ಣಿನ ವಿಷಯದಲ್ಲಿ.

ನಮ್ಮ ವಿಧಾನದಲ್ಲಿ ಕಣ್ಣಿಗೂ ಉಪಾಯವಿತ್ತು. ಅಂಗೈ ಉಜ್ಜಿ ಕಣ್ಣ ಮೇಲಿಡುವುದು, ರೆಪ್ಪೆ ಮುಚ್ಚಿ ಮುಂಜಾನೆಯ ಸೂರ್ಯನಿಗೆ ಮುಖ ಕೊಟ್ಟು ಕೂಡುವುದು, ತಣ್ಣೀರು ಚಿಮುಕಿಸುವುದು. ಮಾಡುತ್ತ ಹೋದರೆ ಚಾಳೀಸು ಬಿಸಾಕಬಹುದು ಎಂದು ಹೇಳುತ್ತಿದ್ದೆ. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು; ಆ ವಯಸ್ಸಿಗೆ ಬರುವುದರಿಂದ ಆ ಹೆಸರು. ನನಗೂ ನಲವತ್ತಾಯಿತು, ನನಗೂ ಬಂತು. ದೂರದ್ದೆಲ್ಲ ಚೊಕ್ಕ ಕಾಣುತ್ತಿತ್ತು, ಹತ್ತಿರ ಹಿಡಿದರೆ ಅಕ್ಷರ ಇರುವೆ ಸಾಲಿನಂತೆ ಹರಿದಾಡುತ್ತಿದ್ದವು. ಅಂಗೈ ಉಜ್ಜಿದೆ, ಬಿಸಿಲಿಗೆ ಕೂತೆ, ನೀರು ಹೊಡೆದುಕೊಂಡೆ. ಕೊನೆಗೆ ಯಾರಿಗೂ ತಿಳಿಯದಂತೆ ಗದಗಿಗೆ ಹೋಗಿ ಒಂದು ಚಾಳೀಸು ಮಾಡಿಸಿಕೊಂಡು ಬಂದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಕಣ್ಣಿನ ಮಾತು ಬಿಟ್ಟು ಹೊಟ್ಟೆಯ ಮಾತಷ್ಟೇ ಆಡಿದ್ದರೆ — ಆದರೆ ಜನ ಬರುತ್ತಿದ್ದುದೇ ಕಣ್ಣಿನ ಮಾತಿಗೆ. ಬಾಗಲಕೋಟೆಯ ಒಂದು ಸಭೆಯಲ್ಲಿ ನಮ್ಮ ಪುಸ್ತಿಕೆಯನ್ನು ಮುಖದ ಹತ್ತಿರ ಹಿಡಿದು, ಬಾಯಿಪಾಠವಾಗಿದ್ದ ಪುಟವನ್ನು ಓದಿದಂತೆ ಒಪ್ಪಿಸಿದೆ. ಮುಂದೆ ಕೂತ ಅರಳೆ ವ್ಯಾಪಾರಿಯೊಬ್ಬ ಎದ್ದು ನಿಂತು, ‘ನೋಡ್ರಿ, ಮಾಸ್ತರ್ಗ ಇನ್ನೂ ಚಾಳೀಸ ಬಂದಿಲ್ಲ!’ ಎಂದ. ಚಪ್ಪಾಳೆ ಬಿತ್ತು. ನಾನು ನಕ್ಕೆ, ಅಲ್ಲ ಎನ್ನಲಿಲ್ಲ. ಅಂದಿನಿಂದ ಅದು ಪ್ರತಿ ಸಭೆಯ ಆಟವೇ ಆಯಿತು. ಯಾರಾದರೂ ಬೇರೆ ಪುಟ ತಿರುವಿ ಕೊಟ್ಟಾರೇ ಎಂಬ ಅಂಜಿಕೆಗೆ ಪುಸ್ತಿಕೆಯನ್ನು ಕೈಬಿಡುತ್ತಿರಲಿಲ್ಲ. ಚಾಳೀಸಿನ ಮಾತು ಬಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಚೀಲದ ಮೇಲೆ ಹೋಗುತ್ತಿತ್ತು. ಗದಗಿನ ಚಾಳೀಸು ಆ ಚೀಲದ ತಳದಲ್ಲಿ, ಧೋತರದ ಮಡಿಕೆಯೊಳಗೆ ಇರುತ್ತಿತ್ತು.

ಚೀಲ ತುಂಬಿಕೊಡುವಾಗ ಹೆಂಡತಿ ಚೇಷ್ಟೆ ಮಾಡುವಳು: ‘ಊರಿಗೆಲ್ಲಾ ಕಣ್ಣ ಕೊಡಾಕ ಹೊಂಟೀರಿ. ನಿಮ್ಮ ಕಣ್ಣ ತಳದಾಗ ಇಟ್ಟೇನಿ, ನೆನಪಿರಲಿ.’ ನಗುತ್ತಿದ್ದೆ, ಸಿಟ್ಟೂ ಬರುತ್ತಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಗಂಗವ್ವನ ಗಂಡ ಮಲ್ಲಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಅವಳು ಕೊಂಡಿ ಹಾಕುತ್ತಿದ್ದಳು — ಸೀರೆಯ ಮೈಯ ನೂಲಿಗೆ ಸೆರಗಿನ ನೂಲನ್ನು ಎಳೆ ಎಳೆಯಾಗಿ ಕೂಡಿಸುವ ಕೆಲಸ. ಕಣ್ಣು ಚುರುಕಿರಬೇಕು. ಆ ವರ್ಷ ಅವಳಿಗೆ ಹಣೆ ಸಿಡಿಯತೊಡಗಿತು. ದೀಪ ನೋಡಿದರೆ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ಕಣ್ಣಿನ ಡಾಕ್ಟರಿಗೆ ತೋರಿಸಿದ್ದರು. ಅವರು ಹನಿ ಔಷಧ ಕೊಟ್ಟು, ಕಣ್ಣುಗುಡ್ಡೆ ಮಸುಕಾದರೆ ಅಂದೇ ಕರೆತನ್ನಿ, ಕೊಯ್ಯಬೇಕಾಗುತ್ತದೆ, ತಡಮಾಡಿದರೆ ಕಣ್ಣು ಉಳಿಯುವುದಿಲ್ಲ ಎಂದಿದ್ದರಂತೆ.

ಇಳಕಲ್ಲಿನ ನನ್ನ ಸಭೆ ಮುಗಿದ ಮೇಲೆ ಮಲ್ಲಪ್ಪ ಅವಳನ್ನು ಕರೆದುಕೊಂಡು ಬಂದ. ಓಣಿಯ ಜನ ಸುತ್ತ ನಿಂತಿದ್ದರು.

‘ಶರಣ್ರಿ ಮಾಸ್ತರ. ಗುಡ್ಡಿ ಮಸಕ ಆದಂಗ ನನಗ ಕಾಣತೈತಿ. ಇಕಿ ಏನೂ ಆಗಿಲ್ಲ ಅಂತಾಳ. ನನ್ನ ಕಣ್ಣೂ ಅಷ್ಟಕ್ಕಷ್ಟ. ನಿಮ್ಮ ಕಣ್ಣ ಚೊಕ್ಕ ಅದಾವು, ನೀವ ನೋಡಿ ಹೇಳ್ರಿ. ಡಾಕ್ಟರ ಹೇಳಿದಂಗ ಅವರ ಕಡೆ ಹೋಗಂದ್ರ ಮಧ್ಯಾಹ್ನದ ಬಸ್ಸಿಗೇ ಹೋಗ್ತೇವಿ.’

ಗಂಗವ್ವ ತಲೆಯ ಮೇಲಿನ ಸೆರಗು ಸರಿಸಿ ಮುಖ ಎತ್ತಿದಳು. ನಾನು ಬಗ್ಗಿದೆ. ಕಂಡದ್ದೇನು — ಹಣೆಯ ವಿಭೂತಿಯ ಬಿಳುಪು, ಕೆಳಗೆ ಎರಡು ಕಪ್ಪು ಕಲೆ. ಮಸುಕಾಗಿದ್ದದ್ದು ಅವಳ ಕಣ್ಣೋ ನನ್ನ ಕಣ್ಣೋ, ನನಗೆ ತಿಳಿಯಲಿಲ್ಲ. ಚೀಲ ಕಂಕುಳಲ್ಲೇ ಇತ್ತು. ಒಳಗೆ ಕೈ ಹಾಕಿದ್ದರೆ — ತಡಿಯಪ್ಪ, ಚಾಳೀಸ ಹಾಕ್ಕೋತೇನಿ ಎಂದಿದ್ದರೆ — ಜನ ನಗುತ್ತಿದ್ದರು. ಆ ನಗು ನನಗಿಂತ ಮೊದಲು ಬಾಗಲಕೋಟೆ ಮುಟ್ಟುತ್ತಿತ್ತು. ಹೋಗಲಿ, ನನಗ ತಿಳಿಯವಲ್ದು, ಡಾಕ್ಟರ ಕಡೆ ಹೋಗ್ರಿ ಎಂದಿದ್ದರೂ ಸಾಕಿತ್ತು. ಆ ಮಾತಿಗೆ ಚಾಳೀಸೂ ಬೇಕಿರಲಿಲ್ಲ.

ನಾನು ಆಡಿದ ಮಾತು ಇದು: ‘ಗುಡ್ಡಿ ತಿಳಿ ಐತಿ. ಏನೂ ಆಗಿಲ್ಲ. ಎಳೆಬಿಸಲಿಗೆ ಕೂಡಸ್ರಿ, ಮಣ್ಣಿನ ಪಟ್ಟಿ ಹಾಕ್ರಿ. ಆರಾಮ ಆಗ್ತಾಳ.’

ಅವರು ಬಸ್ಸು ಹತ್ತಲಿಲ್ಲ. ಡಾಕ್ಟರ ಹನಿಯನ್ನೂ ನಿಲ್ಲಿಸಿದರು. ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲ — ನಿಲ್ಲಿಸಬೇಡಿ ಎಂದೂ ಹೇಳಿರಲಿಲ್ಲ.

ಮುಂದೆ ಹುನಗುಂದದ ಸಭೆಗೆ ಮಲ್ಲಪ್ಪ ಅವಳ ಕೈ ಹಿಡಿದು ಕರೆತಂದ. ಅಷ್ಟು ಜನರ ಮುಂದೆ, ನಿಂತಲ್ಲಿಂದಲೇ ಕೂಗಿ ಕೇಳಿದೆ: ‘ಹೆಂಗದೀ ಗಂಗವ್ವ?’

‘ಆರಾಮ ಅದೀನ್ರಿ ಯಣ್ಣಾ’ ಎಂದಳು.

ನಮ್ಮ ಕಡೆ ಯಾರು ಯಾರನ್ನು ಕೇಳಿದರೂ ಮೊದಲು ಬರುವ ಮಾತು ಅದೇ. ಜ್ವರದಲ್ಲಿ ಮಲಗಿದವನೂ ಆರಾಮ ಎನ್ನುತ್ತಾನೆ, ನಿನ್ನೆ ತಾಯಿಯನ್ನು ಮಣ್ಣು ಮಾಡಿ ಬಂದವನೂ ಆರಾಮ ಎನ್ನುತ್ತಾನೆ. ಆಮೇಲೆ ಕೂತು, ನೀರು ಕುಡಿದು, ಖರೆ ಸುದ್ದಿ ಹೇಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆ? ಆದರೂ ಸಭೆಗೆ ತಿರುಗಿ, ‘ಕೇಳಿದಿರಿಲ್ಲೋ? ಆರಾಮ ಅಂತಾಳ!’ ಎಂದೆ. ಮತ್ತೆ ಚಪ್ಪಾಳೆ. ಅವಳು ಖರೆ ಸುದ್ದಿ ಹೇಳುವ ಹೊತ್ತಿಗೆ ನಾನು ಬಸ್ಸಿನ ನೆಪ ಮಾಡಿ ಎದ್ದುಬಿಟ್ಟೆ. ಹೊರಡುವಾಗ ತಿರುಗಿ ನೋಡಿದೆ. ಅವಳು ಕಂಬ ತಡವಿ, ಕಂಬಕ್ಕೆ ಒರಗಿ ಕೂಡುತ್ತಿದ್ದಳು. ದೂರದ್ದು ನನಗೆ ಚೆನ್ನಾಗಿಯೇ ಕಾಣುತ್ತಿತ್ತು.

ಅವಳ ಎರಡೂ ಕಣ್ಣು ಹೋದವೆಂದು ಅವರಿವರ ಬಾಯಿಂದ ಕೇಳಿದೆ. ಕೊನೆಗೊಮ್ಮೆ ಡಾಕ್ಟರ ಹತ್ತಿರ ಹೋದಾಗ ಹೊತ್ತು ಮೀರಿತ್ತಂತೆ. ಮಲ್ಲಪ್ಪ ನನ್ನನ್ನು ಬಯ್ಯಲಿಲ್ಲ. ‘ಮಾಸ್ತರ ನೋಡಿದಾಗ ತಿಳಿ ಇತ್ತು, ಆಮ್ಯಾಲ ಕೆಟ್ಟಿತು’ ಎಂದೇ ಹೇಳಿಕೊಂಡು ತಿರುಗಿದನಂತೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಹೌದು, ಸಮಾಧಾನ — ಇದಕ್ಕಿಂತ ನಾಚಿಕೆಗೇಡಿನ ಮಾತು ನನ್ನ ಹತ್ತಿರ ಇಲ್ಲ.

ಪ್ರಚಾರ ನಿಲ್ಲಿಸಲಿಲ್ಲ. ಇಳಕಲ್ಲಿಗೆ ಹೋಗುವುದನ್ನಷ್ಟೇ ಬಿಟ್ಟೆ. ಹುನಗುಂದದಲ್ಲಿ ಇಳಿದು ಅಲ್ಲಿಂದಲೇ ಹಿಂದಿರುಗುತ್ತಿದ್ದೆ. ಮುಪ್ಪು ಬಂದ ಮೇಲೆ ಚಾಳೀಸು ರಾಜಾರೋಷವಾಗಿ ಮೂಗಿಗೇರಿತು, ಮುದುಕನನ್ನು ಯಾರು ಕೇಳುತ್ತಾರೆ? ಮಲ್ಲಪ್ಪ ತೀರಿಕೊಂಡ. ಅವನಿಗೆ ಹೇಳುವ ಹೊತ್ತೂ ಮೀರಿತು.

ಮೊನ್ನೆ ಬಾಗಲಕೋಟೆಯ ಒಂದು ಮದುವೆಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದೆ. ಗೋಡೆಗೆ ಒರಗಿ ಕೂತಿದ್ದ ಮುದುಕಿ ನನ್ನ ದನಿಯ ಕಡೆ ಮುಖ ತಿರುಗಿಸಿದಳು. ‘ಮಾಸ್ತರ ಅಲ್ಲೇನ್ರಿ? ನಾ ಇಳಕಲ್ಲ ಗಂಗವ್ವ. ಆರಾಮ ಅದೀರಿ?’

‘ಆರಾಮ, ತಂಗಿ’ ಎಂದೆ.

‘ನಿಮ್ಮ ಕಣ್ಣ ಹೆಂಗದಾವ್ರಿ? ಇನ್ನೂ ಹಂಗ ಸರಸರ ಓದ್ತೀರಿ?’

ಕುಟುಕುವ ದನಿಯಲ್ಲ ಅದು. ನಿಜವಾಗಿಯೂ ಕೇಳಿದಳು. ‘ಹೂಂ, ಓದ್ತೇನಿ’ ಎಂದೆ — ಚಾಳೀಸು ಮೂಗಿನ ಮೇಲೆ ಇದ್ದಾಗಲೇ.

‘ಭಾಳ ಛಲೋ ಆತು. ನಾಲ್ಕ ಮಂದಿಗೆ ಹೇಳವ್ರ ಕಣ್ಣ ಛಲೋ ಇರಬೇಕ್ರಿ’ ಎಂದಳು.

ಮನೆಗೆ ಬಂದವನೇ ಕಾಗದ ತೆಗೆದು ಕೂತೆ. ಇದನ್ನು ಬರೆದೆ, ಓದಿದವರು ನನ್ನನ್ನು ಏನೆಂದರೂ ಸರಿ. ನನ್ನ ಮಾತು ನಂಬಿ ಚಾಳೀಸು ಬಿಸಾಕಿದವರು ಇನ್ನೂ ಎಷ್ಟು ಮಂದಿಯೋ — ಅವರೂ ತಿಳಿಯಲಿ. ಆದರೆ ಮೊದಲು ತಿಳಿಯಬೇಕಾದವಳು ಇದನ್ನು ಓದಲಾರಳು. ಅದಕ್ಕೆ ನಾಳೆ ಹುನಗುಂದದಲ್ಲಿ ಇಳಿಯದೆ ಮುಂದೆ ಇಳಕಲ್ಲಿಗೆ, ಅವಳ ಮನೆಗೆ ಹೋಗುತ್ತೇನೆ. ಹೊಸ್ತಿಲಲ್ಲೇ ಅವಳು ಆರಾಮ ಅದೀರಿ ಎಂದು ಕೇಳುತ್ತಾಳೆ. ಇಲ್ಲ ತಂಗಿ ಎನ್ನಬೇಕು, ಅಲ್ಲಿಂದಲೇ ಶುರು ಮಾಡಬೇಕು. ಚಾಳೀಸು ಹಾಕಿಕೊಂಡೇ ಹೋಗುತ್ತೇನೆ. ಅವಳಿಗೆ ಅದು ಕಾಣುವುದಿಲ್ಲ, ಬಾಯಿಬಿಟ್ಟೇ ಹೇಳಬೇಕು.