ಕತ್ತರಿಸಿದ ಸ್ಟ್ರಿಪ್

ಕೊರೊನಾ ತಣ್ಣಗಾದ ಮರುವರ್ಷ, ಮದುವೆಯ ನಂತರದ ನನ್ನ ಮೊದಲ ಕೆಲಸ ಸಿಕ್ಕಿತು. ನಾಶಿಕ್‌ನಲ್ಲಿ ನಮ್ಮವರದು ಹೋಟೆಲು, ನಾನು ಮನೆ ನೋಡಿಕೊಂಡಿದ್ದವಳು. ಹೆಪಟೈಟಿಸ್ ಬಿ ವೈರಸ್ ಯಕೃತ್ತಿನಲ್ಲಿ ವರ್ಷಗಟ್ಟಲೆ ಹೇಗೆ ಉಳಿಯುತ್ತದೆ, ಗುಳಿಗೆ ನುಂಗಿದರೆ ರಕ್ತದಲ್ಲಿ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಗಣಿತದ ಸಮೀಕರಣದಲ್ಲಿ ಹಿಡಿಯುವ ಅಧ್ಯಯನವದು. ರೋಗಿಗಳಲ್ಲಿ ಹಲವರು ಸಂಭಾಜಿನಗರದ ಕೈಗಾರಿಕಾ ಪ್ರದೇಶ ವಾಳೂಜ್‌ಗೆ ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರು. ಕನ್ನಡ ಬಲ್ಲವರು ಬೇಕಿತ್ತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ, ಗುಳಿಗೆಯ ಖಾಲಿ ಸ್ಟ್ರಿಪ್ ಎಣಿಸಿ, ಫಾರ್ಮಿನಲ್ಲಿ ಟಿಕ್ ಹಾಕುವುದು ನನ್ನ ಪಾಲಿನ ವಿಜ್ಞಾನ.

ಹದಿನೇಳನೆಯ ರೋಗಿ ನೀಲವ್ವ. ಇಳಿಯುತ್ತಿದ್ದ ಅವಳ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಒಮ್ಮೆಲೇ ಏರಿತು.

“ಔಟ್‌ಲೈಯರ್, ತೆಗೆದುಬಿಡಿ ಮೇಡಂ. ಕರ್ವ್ ಕೆಡುತ್ತೆ,” ಎಂದರು ಅಧ್ಯಯನದ ಮುಖ್ಯಸ್ಥರು, ಚಹಾದಲ್ಲಿ ಬಿಸ್ಕತ್ತು ಅದ್ದುತ್ತ. ಲೆಕ್ಕಕ್ಕೆ ಒಗ್ಗದ ಅಂಕಿಗೆ ಆ ಹೆಸರು.

ನನಗೆ ಮನಸ್ಸು ಬರಲಿಲ್ಲ. ನೀಲವ್ವನ ಶೆಡ್ಡಿಗೆ ಹೋದೆ. ಸ್ಟ್ರಿಪ್‌ಗಳ ಲೆಕ್ಕ ಸರಿಯಿತ್ತು. ಆದರೆ ಪ್ರತಿಯೊಂದನ್ನೂ ಕತ್ತರಿಯಿಂದ ಸರಿಯಾಗಿ ಎರಡು ಮಾಡಲಾಗಿತ್ತು; ಹಿಂದೆ ಎಣಿಸುವ ಅವಸರದಲ್ಲಿ ನಾನದನ್ನು ಗಮನಿಸಿರಲಿಲ್ಲ.

“ಇದ್ಯಾಕೆ ನೀಲವ್ವ?”

“ಅರ್ಧಾ ನಮ್ಮ ಮನಿಯವ್ರಿಗಿ ರೀ. ಅವರಿಗೂ ಅದಾ ಬ್ಯಾನಿ. ಹೆಸರು ಬರಸೂ ದಿನ ಕೆಲಸಕ್ಕಂತ ಸಿನ್ನರದಾಗ ಇದ್ರು, ಬರೂದ್ರಾಗ ನಿಮ್ಮ ಪಟ್ಟಿ ಮುಗದಿತ್ತು. ಎರಡ ತಿಂಗಳಾತು ಹಿಂಗ ಹಂಚಾಕತ್ತೇವ್ರಿ.”

“ನನಗೆ ಹೇಳಬಾರದಿತ್ತಾ?”

“ಗುಳಗಿ ಮುಗದಾವೇನಂತ ಕೇಳಿದ್ರಿ, ಮುಗದಾವು ಅಂದ್ನಿ. ಯಾರು ನುಂಗಿದ್ರಂತ ಕೇಳಿದ್ರೇನ್ರಿ ಅಕ್ಕಾರ? ಒಂದ ತಾಟಿನ್ಯಾಗ ಉಣ್ಣೋರು ನಾವು. ಗುಳಗಿ ಅಷ್ಟ ಬ್ಯಾರೆ ಇಡಾಕ ಆಕ್ಕೈತೇನು?”

ಮುಖ್ಯಸ್ಥರಿಗೆ ವಿಷಯ ಹೇಳಿ, ಅವರ ಮೇಜಿನ ಮೇಲೆ ಆ ಸ್ಟ್ರಿಪ್ ಇಟ್ಟೆ. ಬೆರಳ ತುದಿಯಲ್ಲಿ ಅದನ್ನು ಆಚೆ ಸರಿಸಿದರು. “ಹಾಗಾದ್ರೆ ಹದಿನೇಳನ್ನೇ ಪೂರ್ತಿ ತೆಗೀರಿ.”

“ಅವಳ ಗುಳಿಗೆ ನಿಂತುಹೋಗುತ್ತಲ್ಲ ಸರ್! ಹಠಾತ್ತನೆ ನಿಲ್ಲಿಸಿದರೆ ಯಕೃತ್ತಿಗೇ ಅಪಾಯ ಅಂತ ನೀವೇ ಹೇಳಿದ್ದಿರಿ.”

“ಅದು ಮಾಡೆಲ್‌ನ ಹೊರಗಿನ ವಿಷಯ.” ಹಾಗೆಂದು ಸ್ಯಾನಿಟೈಸರ್ ಒತ್ತಿ ಕೈ ಉಜ್ಜಿಕೊಂಡರು, ಉಗುರಿನ ಸಂದಿ ಸಹಿತ. ಆಮೇಲೆ ಅದೇ ಕೈಯಿಂದ ಇನ್ನೊಂದು ಬಿಸ್ಕತ್ತು. ನಾನು ಸ್ಟ್ರಿಪ್ ಎತ್ತಿಕೊಂಡು ಹೊರಬಂದೆ.

ಹೆಸರು ಅಳಿಸಲಿಲ್ಲ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ದುಂಡಕ್ಷರದಲ್ಲಿ ಫಾರ್ಮಿನ ಮೇಲೆ ಷರಾ ಬರೆದೆ: ‘ಒಬ್ಬರ ಗುಳಿಗೆ ಇಬ್ಬರು ನುಂಗಿದ್ದಾರೆ. ನಾನು ವಿಚಾರಿಸದೆ ಟಿಕ್ ಹಾಕಿದ್ದೆ.’ ಸಹಿ ಮಾಡಿ ಪ್ರತಿಯನ್ನು, ರೋಗಿಗಳಿಗೆ ಗುಳಿಗೆ ಕೊಡುತ್ತಿದ್ದ ದವಾಖಾನೆಯ ಡಾಕ್ಟರಮ್ಮನಿಗೆ ಕೊಟ್ಟೆ. ಅವರು ನೀಲವ್ವನ ಗುಳಿಗೆ ನಿಲ್ಲಲು ಬಿಡಲಿಲ್ಲ. ಗಂಡನಿಗೆ ಸರಕಾರಿ ಆಸ್ಪತ್ರೆಯಲ್ಲಿ ಬೇರೆ ಚೀಟಿ ಮಾಡಿಸಿದರು. ಮುಂದಿನ ತಿಂಗಳು ನನಗೆ ಕೆಲಸಕ್ಕೆ ಕರೆ ಬರಲಿಲ್ಲ.

ಸ್ಯಾನಿಟೈಸರಿನ ವಾಸನೆ ಬಂದರೆ ಈಗಲೂ ಹೇಸಿಗೆಯಾಗುತ್ತದೆ. ಅದರಲ್ಲಿ ಸ್ವಲ್ಪ ನನ್ನ ಮೇಲಿನದೂ ಇದೆ. ಹಿಂದಿನ ತಿಂಗಳುಗಳ ಆ ಚೆಂದದ ಟಿಕ್ಕುಗಳೆಲ್ಲ ನನ್ನ ಕೈಯವೇ. ಖಾಲಿ ಸ್ಟ್ರಿಪ್ ಹೇಳುವುದು ಗುಳಿಗೆ ಮುಗಿದದ್ದನ್ನಷ್ಟೇ. ಯಾರ ಹೊಟ್ಟೆಗೆ ಹೋಯಿತೆಂದು ಕುಳಿತು ಕೇಳಬೇಕು.