ಒನೆಸಿಮ್ ಅಜ್ಜ ಮೊಮ್ಮಗಳ ಮುಂದೆ ಕೂತದ್ದು

ಒನೆಸಿಮ್ ಲಿಬೆಲ್‌ಗೆ ಅರವತ್ತೇಳು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಅವನು ದ್ವೀಪದ ನಡುವಿನ ಮಾಫಾತ್ ಕಣಿವೆಯ ಕಾಲುದಾರಿಗಳನ್ನು ದುರಸ್ತಿ ಮಾಡುತ್ತ ಕಳೆದಿದ್ದ. ಹೆಗಲಿಗೊಂದು ಹಾರೆ, ಬೆನ್ನಿಗೊಂದು ಚೀಲ. ಮಳೆಗೆ ಕೊಚ್ಚಿಹೋದ ಮೆಟ್ಟಿಲನ್ನು ಮತ್ತೆ ಕೂರಿಸುವುದು, ಅಲುಗುವ ಕಲ್ಲಿಗೆ ಚಕ್ಕೆ ಕೊಟ್ಟು ಬಿಗಿ ಮಾಡುವುದು ಅವನ ಕೆಲಸ. ಕಲ್ಲಿನ ಮೇಲೆ ಕಾಲಿಡುವ ಮೊದಲು ಹಿಮ್ಮಡಿಯಿಂದ ಒಮ್ಮೆ ತಟ್ಟಿ ನೋಡುವ ಅಭ್ಯಾಸ ಅವನಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಮಗಳ ಮನೆಯ ಸಿಮೆಂಟ್ ಮೆಟ್ಟಿಲನ್ನೂ ತಟ್ಟಿಯೇ ಹತ್ತುತ್ತಿದ್ದ.

ಮಾಫಾತ್‌ಗೆ ರಸ್ತೆಯಿಲ್ಲ. ನಡೆದು ಹೋಗಬೇಕು, ಇಲ್ಲವೇ ಹೆಲಿಕಾಪ್ಟರ್. ಒನೆಸಿಮ್ ಒಮ್ಮೆಯೂ ಹೆಲಿಕಾಪ್ಟರ್ ಹತ್ತಿದವನಲ್ಲ. ಅವನ ಪ್ರಕಾರ ಅದು ಅಕ್ಕಿಮೂಟೆಗೆ, ಗ್ಯಾಸ್ ಸಿಲಿಂಡರಿಗೆ, ಚಾವಣಿಯ ತಗಡಿಗೆ ಮಾಡಿದ್ದು. ಮನುಷ್ಯರು ಅದರಲ್ಲಿ ಹೋಗುವುದು ಮೈ ಕೈಕೊಟ್ಟಾಗ. ಹೆಂಡತಿ ಎಲ್ವೀನಾ ಒಂಬತ್ತು ವರ್ಷದ ಹಿಂದೆ ಹೊಟ್ಟೆ ಹಿಡಿದುಕೊಂಡು ಹಾಗೇ ಹೋದಳು, ತಿರುಗಿ ಬರಲಿಲ್ಲ. ಅಂದಿನಿಂದ ಆಕಾಶದಲ್ಲಿ ಎಂಜಿನ್ ಸದ್ದಾದರೆ ಅವನು ಮನೆಯೊಳಗೆ ಹೋಗಿಬಿಡುತ್ತಿದ್ದ.

ಜನವರಿಯ ರಜೆಗೆ ಮಾತ್ರ ಅವನು ನಾಲ್ಕು ಗಂಟೆ ನಡೆದು ಕಣಿವೆಯಿಂದ ಹೊರಬರುತ್ತಿದ್ದ. ಮಗಳು ಗಿಸ್ಲೇನ್ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ರಜೆ ಸಿಕ್ಕಿದ ಕೂಡಲೇ ಅವಳೂ ಅವಳ ಗಂಡ ರೆಜಿಯೂ ಪಾತ್ರೆ ಪಗಡೆ ಕಟ್ಟಿಕೊಂಡು ಸ್ಯಾಂ-ಲೂ ಕಡಲತೀರಕ್ಕೆ ಬಂದು, ಸರ್ವೆ ಮರಗಳ ಕೆಳಗೆ ಟಾರ್ಪಾಲು ಕಟ್ಟಿ ಹದಿನೈದು ದಿನ ಅಲ್ಲೇ ಇರುತ್ತಿದ್ದರು. ಎಡಕ್ಕೂ ಬಲಕ್ಕೂ ಅಂಥವೇ ಟಾರ್ಪಾಲುಗಳು, ಒಲೆಗಳು, ರೇಡಿಯೋಗಳು. ಒನೆಸಿಮ್ ಮರಕ್ಕೆ ಒರಗಿ ಬೇಳೆ ಆರಿಸುತ್ತ, ಯಾರು ಏನು ಕೇಳಿದರೂ "ಹೂಂ" ಅನ್ನುತ್ತ ರಜೆ ಕಳೆಯುತ್ತಿದ್ದ.

ಆ ವರ್ಷ ಟಾರ್ಪಾಲಿನ ಕೆಳಗೆ ಜಗಳ ನಡೆದಿತ್ತು. ಜಗಳಕ್ಕೆ ಕಾರಣ ಗಿಸ್ಲೇನಳ ಮಗಳು ಲೊರೀನ್. ಇಪ್ಪತ್ತಮೂರರ ಈ ಹುಡುಗಿ ಅದೇ ಊರಿನ ಪ್ಯಾರಾಗ್ಲೈಡಿಂಗ್ ಶಾಲೆಯೊಂದರಲ್ಲಿ ಎರಡು ವರ್ಷದಿಂದ ಪ್ರವಾಸಿಗರು ಹಾರುವ ಬಟ್ಟೆಯ ರೆಕ್ಕೆಗಳನ್ನು ಮಡಚಿಡುವ ಕೆಲಸ ಮಾಡುತ್ತಿದ್ದಳು. ಒಬ್ಬಳೇ ಹಾರುವುದು ಅವಳಿಗೆ ಗೊತ್ತಿತ್ತು. ಈಗ ಮುಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಹಾರುವ ಪರವಾನಗಿ ಬೇಕಿತ್ತು. ಅದಕ್ಕೆ ಗುರುವಿನ ಕಣ್ಣೆದುರು ಹತ್ತು ಸಲ, ಎಂದೂ ಹಾರದ ಹೊಸಬರನ್ನು ಕರೆದುಕೊಂಡು ಹಾರಿ ಇಳಿಸಬೇಕು. ಇಬ್ಬರು ಗೆಳತಿಯರು ಹಾಗೆ ಕೂತು ಹಾರಿದ್ದರು. ಮೂರನೆಯವರು ಸಿಕ್ಕಿರಲಿಲ್ಲ.

"ಒಬ್ಬರೂ ಬರಲ್ವಾ? ಇಷ್ಟು ಜನ ಇದೀರಲ್ಲ!" ಅಂದಳು ಲೊರೀನ್, ಊಟದ ತಟ್ಟೆ ಹಿಡಿದು ನಿಂತು.

"ನಾನು ನೂರಾ ಹದಿನೆಂಟು ಕೆ.ಜಿ. ಇದೀನಿ ಕಣಮ್ಮಾ," ಅಂದ ರೆಜಿ, ಸಾಸೇಜಿನ ಗೊಜ್ಜನ್ನು ಅನ್ನಕ್ಕೆ ಕಲಸುತ್ತ. "ನನ್ನ ಎತ್ತೋಕೆ ನಿನ್ನ ಆ ಬಟ್ಟೆ ಸಾಲಲ್ಲ. ಸರ್ಕಸ್ ಡೇರೆನೇ ಬೇಕು."

"ಅಮ್ಮಾ, ನೀನು?"

"ಮರದಲ್ಲಿ ಬಾವಲಿ ತರ ನೇತಾಡ್ತಿದ್ದೋಳನ್ನ ಫೈರ್ ಎಂಜಿನ್ನೋರು ಬಂದು ಇಳಿಸಿದ್ದು ನಾನಿನ್ನೂ ಮರ್ತಿಲ್ಲ," ಅಂದಳು ಗಿಸ್ಲೇನ್. "ಭುಜದ ಮೂಳೆ ಕೂಡ್ಕೊಂಡಿದೆ. ಬುದ್ಧಿ ಕೂಡ್ಕೊಂಡಿಲ್ಲ."

"ಅದು ಎರಡು ವರ್ಷದ ಹಿಂದಿನ ಮಾತು!"

"ನಂಗೆ ನಿನ್ನೆ ಆದಂಗಿದೆ."

ಲೊರೀನ್ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. ಅಜ್ಜನ ಮೇಲೆ ಬಂದ ನೋಟ ಅಲ್ಲಿ ನಿಲ್ಲದೆ ಪಕ್ಕಕ್ಕೆ ಸರಿಯಿತು. ಅವನ ಮನಸ್ಸು ಗೊತ್ತಿದ್ದವಳು, ಕೇಳಿ ಸಂಕಟಕ್ಕೆ ಸಿಕ್ಕಿಸಬಾರದೆಂದು ಕೇಳದೇ ಇದ್ದಳು. ಒನೆಸಿಮ್‌ಗೆ ಅದು ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು.

"ನಾನು ಬರ್ತೀನಿ," ಅಂದುಬಿಟ್ಟ.

ರೆಜಿಯ ಕೈ ಬಾಯಿಯ ಹತ್ತಿರವೇ ನಿಂತಿತು. "ಅಪ್ಪಾ, ಬಿಸಿಲು ಹತ್ತಿದೆಯಾ ನಿಂಗೆ?" ಅಂದಳು ಗಿಸ್ಲೇನ್. ಒನೆಸಿಮ್ ತಲೆ ತಗ್ಗಿಸಿ ಬೇಳೆಯಲ್ಲಿ ಕಲ್ಲು ಹುಡುಕತೊಡಗಿದ.

ಮರುದಿನ ಬೆಳಗ್ಗೆ ಪ್ಯಾರಾಗ್ಲೈಡಿಂಗ್ ಶಾಲೆಯ ವ್ಯಾನು ಕಬ್ಬಿನ ಹೊಲಗಳ ನಡುವೆ ತಿರುವು ತಿರುವಾಗಿ ಗುಡ್ಡ ಏರುವಾಗ ಅವನು ಕಿಟಕಿಯಿಂದ ಆಚೆ ನೋಡಲಿಲ್ಲ, ಮುಂದಿನ ಸೀಟಿನ ಹೊಲಿಗೆಯನ್ನೇ ನೋಡುತ್ತ ಕೂತ. ಏನಾದರೂ ಆಗಲಿ, ಟೈರು ಪಂಕ್ಚರ್ ಆಗಲಿ, ಗಾಳಿ ಕೆಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಮಗ್ಗುಲಲ್ಲಿ ಕೂತ ಲೊರೀನ್ ಗುರು ಜಿನೋ ಜೊತೆ ಗಾಳಿಯ ಮಾತಾಡುತ್ತಿದ್ದಳು. ಜಿನೋ ಐವತ್ತರ ಗಡ್ಡದವನು, ಮಾತು ಕಡಿಮೆ.

"ಮೋಡ ಬೇಗ ಕಟ್ತದೆ ಇವತ್ತು," ಅಂದ ಜಿನೋ. "ಒಂಬತ್ತೂವರೆ ಒಳಗೆ ಹಾರಬೇಕು."

ಒಂಬತ್ತೂವರೆ ದಾಟಿಬಿಡಲಿ ಎಂದು ಒನೆಸಿಮ್ ಬೇಡಿಕೆ ಬದಲಿಸಿದ.

ಮೇಲೆ ಹುಲ್ಲಿನ ಇಳಿಜಾರು. ಅದರ ಅಂಚಿನಾಚೆ ಏನೂ ಇಲ್ಲ, ಬರೀ ಗಾಳಿ. ಎಂಟುನೂರು ಮೀಟರ್ ಕೆಳಗೆ ಕಡಲು. ಲೊರೀನ್ ಅವನ ತೊಡೆಗೆ, ಎದೆಗೆ ಪಟ್ಟಿಗಳನ್ನು ಬಿಗಿದಳು, ತಲೆಗೆ ಹೆಲ್ಮೆಟ್ ಹಾಕಿದಳು, ಅವನ ಬೆನ್ನಿಗೆ ತನ್ನನ್ನು ಕೊಕ್ಕೆ ಹಾಕಿಕೊಂಡಳು.

"ಅಜ್ಜಾ, ಒಂದೇ ಮಾತು ನೆನಪಿಟ್ಕೋ. ನಾನು ಓಡು ಅಂದ್ರೆ ಓಡು. ನೆಲ ಇಲ್ಲ ಅನ್ಸಿದ್ರೂ ಓಡ್ತಾನೇ ಇರು. ಕೂತ್ಕೋಬೇಡ."

"ಆಯ್ತು."

"ಓಡು!"

ಅವನು ಓಡಿದ. ಹಿಂದೆ ಬಟ್ಟೆ ಸರ್ರನೆ ಎದ್ದ ಸದ್ದು, ಭುಜಕ್ಕೆ ಬಿದ್ದ ಜಗ್ಗು. ಆರು ಹೆಜ್ಜೆಗೆ ಅಂಚು ಕಂಡಿತು. ಜೀವಮಾನವಿಡೀ ಅಂಚು ಕಂಡಲ್ಲಿ ನಿಂತ ಕಾಲು ಅಲ್ಲೂ ನಿಂತಿತು. ಲೊರೀನ್ ಅವನ ಮೇಲೆ ಬಂದು ಬಿದ್ದಳು, ಇಬ್ಬರೂ ಹುಲ್ಲಿನ ಮೇಲೆ ಮುಗ್ಗರಿಸಿದರು, ರೆಕ್ಕೆ ಪಕ್ಕಕ್ಕೆ ಕುಸಿಯಿತು. ಅವನ ಮೊಣಕಾಲು ತರಚಿ ರಕ್ತ ಬಂತು.

"ಕಾಲು ನನ್ನ ಮಾತು ಕೇಳಲಿಲ್ಲ ಮಗಾ," ಅಂದ ಒನೆಸಿಮ್.

ರೆಕ್ಕೆಯನ್ನು ಮತ್ತೆ ಹಾಸಿ, ದಾರ ಬಿಡಿಸುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಹಿಂದಿನ ಗುಡ್ಡದ ಮೇಲೆ ಬಿಳಿ ಮೋಡದ ತುಣುಕುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಜಿನೋ ಗಡ್ಡ ಕೆರೆದುಕೊಂಡ. "ಐದು ನಿಮಿಷ. ಅಷ್ಟರೊಳಗೆ ಹೋದ್ರೆ ಹೋಗಿ. ಇಲ್ಲಾಂದ್ರೆ ವ್ಯಾನಲ್ಲಿ ಇಳಿಯೋದು."

"ಬೇಡ ಅಂದ್ರೆ ಬೇಡ ಅಜ್ಜಾ," ಅಂದಳು ಲೊರೀನ್ ಕಿವಿಯ ಹತ್ತಿರ. "ನಂಗೇನೂ ಬೇಜಾರಿಲ್ಲ."

ಬಾಯಿಯಲ್ಲಿ ಹಾಗಂದಳೇ ಹೊರತು, ಅವನ ಎದೆಯ ಬಕಲನ್ನು ಮೂರನೇ ಸಲ ಒತ್ತಿ ನೋಡುತ್ತಿದ್ದ ಅವಳ ಬೆರಳು ತಣ್ಣಗಿದ್ದವು. ಇವಳಿಗೂ ಹೆದರಿಕೆ, ಅಂದುಕೊಂಡ ಒನೆಸಿಮ್. ಅದರಿಂದ ಧೈರ್ಯವೇನೂ ಬರಲಿಲ್ಲ. ಆದರೆ ಈಗ ಇಳಿದುಹೋದರೆ ಕೆಳಗೆ ಮಗಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಅದನ್ನು ಕೇಳಬೇಕಾದವನು ಅವನಲ್ಲ, ಈ ಹುಡುಗಿ.

"ಕಣ್ಣು ಮುಚ್ಕೊಂಡು ಓಡಬಹುದಾ?" ಅಂತ ಕೇಳಿದ.

"ಓಡು. ಕಣ್ಣು ನಾನು ಬಿಟ್ಕೊಂಡಿರ್ತೀನಿ."

ಈ ಸಲ ಅವನು ಕಣ್ಣು ಮುಚ್ಚಿ ಓಡಿದ. ಓಡುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ, "ಸಾಕು ಅಜ್ಜಾ, ಗಾಳಿಲಿ ಓಡ್ತಿದೀಯ," ಎಂದು ಲೊರೀನ್ ನಕ್ಕಾಗಲೇ ಅವನಿಗೆ ಗೊತ್ತಾದದ್ದು. ಕಣ್ಣು ಬಿಟ್ಟ. ಬೂಟುಗಳ ಕೆಳಗೆ ಕಬ್ಬಿನ ಹೊಲ, ಚಾಪೆಯಷ್ಟು ಚಿಕ್ಕದು. ಒಂದು ತಗಡಿನ ಚಾವಣಿ. ದೂರದಲ್ಲಿ ಬಂಡೆಸಾಲಿಗೆ ಬಡಿದು ಬೆಳ್ಳಗೆ ಒಡೆಯುವ ಅಲೆ, ಸದ್ದಿಲ್ಲದೆ. ಅವನು ಮತ್ತೆ ಕಣ್ಣು ಮುಚ್ಚಿದ.

"ಚೆನ್ನಾಗಿದೆಯಾ?"

"ಹೂಂ," ಅಂದ.

ಸ್ವಲ್ಪ ಹೊತ್ತಿಗೆ ಯಾರೋ ಕೆಳಗಿನಿಂದ ಎತ್ತಿದಂತಾಯಿತು. ಲೊರೀನಳ ಎದೆಯ ಮೇಲಿದ್ದ ರೇಡಿಯೋ ಪೀಪೀ ಅಂದು, ಜಿನೋ ದನಿ ಬಂತು: "ಲೊರೀನ್, ಮೋಡ ನಿನ್ನ ಮೇಲೇ ಕಟ್ತಿದೆ. ಕಡಲ ಕಡೆ ಹೋಗು. ಈಗಲೇ."

"ಹೋಗ್ತಿದೀನಿ," ಅಂದಳು. ಆದರೆ ಮೋಡದ ಎಳೆತಕ್ಕೆ ಅವರು ಮುಂದಕ್ಕೆ ಹೋಗುವುದಕ್ಕಿಂತ ಮೇಲಕ್ಕೆ ಹೋಗುತ್ತಿದ್ದರು. ಬಿಸಿಲು ಮಂಕಾಯಿತು. ಒನೆಸಿಮ್ ಕಣ್ಣು ತೆರೆದಾಗ ಹೊಗೆಯಂಥ ಎಳೆಯೊಂದು ಅವನ ಮೊಣಕಾಲಿನ ಹತ್ತಿರ ತೇಲಿ ಹೋಯಿತು. ಮಾಫಾತ್‌ನ ದಾರಿಗಳಲ್ಲಿ ಮಂಜು ಮುಸುಕಿದರೆ ಅವನು ಬಂಡೆಗೆ ಬೆನ್ನು ಕೊಟ್ಟು ಕೂತು ಕಾಯುತ್ತಿದ್ದ. ಇಲ್ಲಿ ಬೆನ್ನು ಕೊಡಲು ಇದ್ದದ್ದು ಮೊಮ್ಮಗಳು ಮಾತ್ರ.

"ಅಜ್ಜಾ, ಹೆದರ್ಕೋಬೇಡ. ನಾನು ರೆಕ್ಕೆಯ ಎರಡು ತುದಿ ಮಡಚ್ತೀನಿ. ಆಗ ಕೆಳಗಿಳೀತೀವಿ."

ಅವಳು ಎರಡು ದಾರ ಎಳೆದಳು. ತಲೆಯ ಮೇಲೆ ಪಟಪಟನೆ ಬಡಿದ ಸದ್ದು. ಒನೆಸಿಮ್ ಕತ್ತೆತ್ತಿ ನೋಡಿದ. ಅಷ್ಟು ಅಗಲದ ರೆಕ್ಕೆ ಎರಡೂ ಕಡೆ ಜೋತುಬಿದ್ದಿತ್ತು. ಮುರಿಯಿತು, ಅಂದುಕೊಂಡ. ಮುಗಿಯಿತು.

"ನಂಗೆ ಎರಡೂ ಕೈ ಬೇಕು ತಿರುಗಿಸೋಕೆ," ಅಂದಳು ಲೊರೀನ್. ದನಿ ಒಡೆಯುತ್ತಿತ್ತು, ಅವಳು ಅದನ್ನು ಹಿಡಿದಿಟ್ಟುಕೊಂಡಿದ್ದಳು. "ಇಗೋ, ಈ ಎರಡು ದಾರ ಹಿಡ್ಕೋ. ಎದೆಗೆ ಎಳ್ಕೊಂಡು ಹಿಡಿ. ನಾನು ಬಿಡು ಅನ್ನೋವರೆಗೂ ಬಿಡಬಾರದು."

ಹಾರೆ ಹಿಡಿದ ಕೈಗಳು ದಾರ ಹಿಡಿದವು. ಗಾಳಿ ಎಳೆಯಿತು. ಅವನೂ ಎಳೆದ. ಸುತ್ತ ಬಿಳಿಯೋ ಬಿಳಿ, ಬೂಟು ಕೂಡ ಕಾಣಲಿಲ್ಲ. ಎಷ್ಟು ಹೊತ್ತೋ, ಅವನಿಗೆ ತಿಳಿಯಲಿಲ್ಲ. ಬೆನ್ನಿನ ಹಿಂದೆ ಲೊರೀನ್ ಎಣಿಸುತ್ತಿದ್ದಳು, ಹತ್ತರವರೆಗೆ, ಮತ್ತೆ ಒಂದರಿಂದ. ಅವಳ ಎಣಿಕೆ ನಿಂತರೆ ತಾನು ಸತ್ತೆ ಎಂಬ ನಂಬಿಕೆಯೊಂದು ಅವನೊಳಗೆ ಹುಟ್ಟಿ, ಅವನು ಒಂದೊಂದು ಅಂಕೆಗೂ ಉಸಿರು ಬಿಗಿಹಿಡಿದ.

ಆಮೇಲೆ ಬೂಟು ಕಂಡಿತು. ಬೂಟಿನ ಕೆಳಗೆ ನೀಲಿ ಕಂಡಿತು. ಮೋಡದ ಹೊಟ್ಟೆಯಿಂದ ಅವರು ಕಡಲ ಮೇಲಕ್ಕೆ ಜಾರಿಬಂದಿದ್ದರು. ರೇಡಿಯೋದಲ್ಲಿ ಜಿನೋ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಬಿಡು ಅಜ್ಜಾ."

ಅವನು ಬಿಡಲಿಲ್ಲ.

"ಅಜ್ಜಾ, ಬಿಡಬೇಕು ಈಗ. ಹಿಂಗೇ ಇಳಿದ್ರೆ ಜೋರಾಗಿ ಬೀಳ್ತೀವಿ."

"ಬಿಡೋಕೆ ಆಗ್ತಿಲ್ಲ ಮಗಾ," ಅಂದ. ನಿಜವಾಗಿ ಆಗುತ್ತಿರಲಿಲ್ಲ. ಬೆರಳು ದಾರದ ಸುತ್ತ ಮರಗಟ್ಟಿ ಹೋಗಿದ್ದವು. ಕೆಳಗೆ ನೀರು ದೊಡ್ಡದಾಗುತ್ತ, ಹತ್ತಿರವಾಗುತ್ತ ಬರುತ್ತಿತ್ತು.

ಲೊರೀನ್ ಬೈಯಲಿಲ್ಲ. ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದಳು: "ಕಿರುಬೆರಳು ತೆಗಿ. ಬರೀ ಕಿರುಬೆರಳು. ಹಾಂ. ಈಗ ಅದರ ಪಕ್ಕದ್ದು." ಒಂದೊಂದಾಗಿ ಬಿಚ್ಚಿಕೊಂಡವು. ಕೊನೆಯ ಬೆರಳು ಬಿಟ್ಟಾಗ ರೆಕ್ಕೆ ಪಟಾರನೆ ತುಂಬಿಕೊಂಡಿತು, ಬೀಳುವ ವೇಗ ಇಳಿಯಿತು. ಅವಳು ಕಡಲಿನಿಂದ ದಡದ ಕಡೆಗೆ ದೊಡ್ಡದೊಂದು ತಿರುವು ಹಾಕಿದಳು.

ಟಾರ್ಪಾಲುಗಳ ಹತ್ತಿರದ ಹುಲ್ಲಿನ ಮೈದಾನದಲ್ಲಿ ಅವರು ಇಳಿದದ್ದು ಚೆಂದದ ಇಳಿತವಲ್ಲ. ಓಡಬೇಕಾದಲ್ಲಿ ಒನೆಸಿಮ್ ಕೂತುಬಿಟ್ಟ. ಇಬ್ಬರೂ ಹತ್ತು ಮಾರು ಜಾರಿ, ಬೇಲಿಯ ಹತ್ತಿರ ನಿಂತರು. ನೆಲ ಸಿಕ್ಕಿದ ಮೇಲೂ ಅವನು ಏಳಲಿಲ್ಲ. ಅಂಗೈಯಲ್ಲಿ ಹುಲ್ಲನ್ನು ಒತ್ತಿ ಒತ್ತಿ ನೋಡುತ್ತಿದ್ದ.

ಗಿಸ್ಲೇನ್ ಕೆಳಗಿನಿಂದ ಎಲ್ಲ ನೋಡಿದ್ದಳು. ಕೆಂಪು ರೆಕ್ಕೆ ಮೋಡದೊಳಗೆ ಮಾಯವಾದದ್ದನ್ನೂ, ಅದು ಹೊರಬರುವವರೆಗಿನ ನಿಮಿಷಗಳನ್ನೂ. ಕೈಯಲ್ಲಿದ್ದ ಸೌಟಿನ ಸಮೇತ ಓಡಿಬಂದಳು. ಮಗಳ ಮುಖ ನೋಡಲಿಲ್ಲ. "ಹುಚ್ಚು ಮುದುಕಾ!" ಎಂದು ಅಪ್ಪನಿಗೆ ಬೈದು, ಅವನ ಹೆಲ್ಮೆಟ್ ಬಿಚ್ಚಲು ಹೋಗಿ, ಬಕಲು ತೆಗೆಯಲು ಬಾರದೆ ಅಲ್ಲೇ ಕೂತು ಅತ್ತಳು.

ವ್ಯಾನಿನಲ್ಲಿ ಇಳಿದುಬಂದ ಜಿನೋ ಲೊರೀನಳನ್ನು ಪಕ್ಕಕ್ಕೆ ಕರೆದ. ಒನೆಸಿಮ್‌ಗೆ ಅವನ ಮಾತು ಕೇಳಿಸುತ್ತಿತ್ತು. "ಎರಡನೇ ಸಲ ನಿಮ್ಮನ್ನ ಬಿಡಬಾರದಿತ್ತು ನಾನು. ಅದು ನನ್ನ ತಪ್ಪು. ಹೋಗಲ್ಲ ಅಂತ ನೀನೂ ಹೇಳಬೇಕಿತ್ತು, ಅದು ನಿಂದು. ಮೇಲೆ ಮಾಡಿದ್ದೆಲ್ಲ ಸರಿ." ಸ್ವಲ್ಪ ತಡೆದು, "ಮೂರನೇದು ಅಂತ ಬರ್ಕೋ," ಅಂದ.

ಎರಡು ದಿನ ಟಾರ್ಪಾಲಿನ ಕೆಳಗೆ ತಾಯಿ ಮಗಳು ಮಾತಾಡಲಿಲ್ಲ. ರೆಜಿಯ ತಮಾಷೆಗೂ ಯಾರೂ ನಗಲಿಲ್ಲ. ಮೂರನೇ ದಿನ ಖಾರದ ವಡೆ ಕರಿಯುತ್ತಿದ್ದ ಮಗಳ ಹತ್ತಿರ ಒನೆಸಿಮ್ ಬಂದು ಕುಕ್ಕರುಗಾಲಲ್ಲಿ ಕೂತ.

"ನಾನು ಮತ್ತೆ ಹೋಗಲ್ಲ," ಅಂದ. "ಪ್ರಾಣ ಹೋದ್ರೂ ಹೋಗಲ್ಲ. ಇನ್ನೂ ಕಣ್ಣು ಮುಚ್ಚಿದ್ರೆ ಬಿಳಿ ಕಾಣ್ತದೆ."

"ಒಳ್ಳೇದಾಯ್ತು."

"ನೀನು ಹೋಗು."

ಗಿಸ್ಲೇನ್ ಬಾಣಲೆಯಿಂದ ಕಣ್ಣೆತ್ತಿದಳು.

"ನನ್ನ ಕೈ ದಾರ ಬಿಡಲ್ಲ ಅಂದಾಗ ಅವಳು ಒಂದೊಂದೇ ಬೆರಳು ಬಿಡಿಸಿದ್ಲು ಗಿಸ್ಲೇನ್. ಅವಳಿಗೂ ಜೀವ ಹೋಗ್ತಿತ್ತು, ನಂಗೆ ಗೊತ್ತು. ಆದ್ರೂ ನಿಧಾನಕ್ಕೆ ಬಿಡಿಸಿದ್ಲು. ನಾನಾಗಿದ್ರೆ ಕಪಾಳಕ್ಕೆ ಬಿಡ್ತಿದ್ದೆ."

ವಡೆಯೊಂದು ಕಪ್ಪಾಯಿತು, ಗಿಸ್ಲೇನ್ ಅದನ್ನು ತೆಗೆದು ಮರಳಿಗೆ ಎಸೆದಳು. ನಾಲ್ಕು ದಿನ ಕಳೆದ ಮೇಲೆ, ಒಂದು ತುಣುಕು ಮೋಡವೂ ಇಲ್ಲದ ಬೆಳಗ್ಗೆ, ಯಾರಿಗೂ ಏನೂ ಹೇಳದೆ ರೆಜಿಯ ಬೂಟು ಹಾಕಿಕೊಂಡು ವ್ಯಾನಿನಲ್ಲಿ ಕೂತಳು.

ಒನೆಸಿಮ್ ಮೈದಾನದಲ್ಲಿ ನಿಂತ. ಹಾರುವುದೇ ಅತಿ ಕಷ್ಟ ಎಂದು ಅವನು ತಿಳಿದಿದ್ದ. ಹಾಗಲ್ಲ ಎಂದು ಅಂದು ಗೊತ್ತಾಯಿತು. ಮೇಲೆ ಏನೇನು ಕೆಡಬಹುದೆಂದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗುಡ್ಡದ ಅಂಚಿನಿಂದ ಕೆಂಪು ಚುಕ್ಕೆ ಕಳಚಿಕೊಂಡಾಗ ಅವನ ಕಾಲು ತಾವಾಗಿ ಎರಡು ಹೆಜ್ಜೆ ಓಡಿದವು. ಅಲ್ಲಿಂದ ಹನ್ನೆರಡು ನಿಮಿಷ ಅವನು ಕತ್ತು ಇಳಿಸಲಿಲ್ಲ. ರೆಜಿ ಕೊಟ್ಟ ನೀರನ್ನೂ ಕುಡಿಯಲಿಲ್ಲ.

ರೆಕ್ಕೆ ಹತ್ತಿರ ಬಂದಂತೆ ಗಿಸ್ಲೇನಳ ಕೂಗು ಕೇಳಿಸಿತು. ಬೈಗುಳವೋ ನಗುವೋ ತಿಳಿಯುತ್ತಿರಲಿಲ್ಲ. ಅವಳು ಸರಿಯಾಗಿ ಓಡಿದಳು. ಇಬ್ಬರೂ ನಿಂತೇ ಇಳಿದರು.

ಲೊರೀನ್‌ಗೆ ಏಪ್ರಿಲ್‌ನಲ್ಲಿ ಪರವಾನಗಿ ಸಿಕ್ಕಿತು. ಸುದ್ದಿ ಮಾಫಾತ್‌ಗೆ ಫೋನಿನಲ್ಲಿ ಬಂದಾಗ ಒನೆಸಿಮ್ ಹೊಲದಲ್ಲಿದ್ದ. ಕೇಳಿ "ಹೂಂ" ಅಂದ. ಆಮೇಲೆ, ಇವತ್ತು ಅಲ್ಲಿ ಮೋಡ ಹೇಗಿದೆ ಎಂದು ಕೇಳಿದ.