ಐದನೇ ಪಿನ್

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಅವತ್ತು ನಡೆದದ್ದನ್ನೆಲ್ಲ ಅವತ್ತೇ ಡೈರಿಯಲ್ಲಿ ಬರೆದಿದ್ದೇನೆ. ಒಂದು ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ...

ಶುಕ್ರವಾರ. ಹಿರಿಯೂರಿನ ಹೊರಗೆ, ಹೊಸದುರ್ಗ ರಸ್ತೆಯ ಗ್ಯಾರೇಜ್ ಶೆಡ್ಡಿನಲ್ಲಿ ಅವತ್ತು ನಾನೊಬ್ಬನೇ ಮೆಕ್ಯಾನಿಕ್. ಮೇಸ್ತ್ರಿ ಮದುವೆಗೆಂದು ತಾಳ್ಯಕ್ಕೆ ಹೋಗಿದ್ದರು. ಮಾರಿಕಣಿವೆ ಕಡೆ ಕುರಿ ಸಾಕುವ ರಂಗಣ್ಣ ತಮ್ಮ ತಂದೆಯ ಕಾಲದ ಫೋರ್ ವೀಲ್ ಟ್ರಕ್ ತಂದಿದ್ದರು. ಕಲ್ಲುದಾರಿಗೆಂದು ಎತ್ತರಿಸಿದ ಗಾಡಿ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು.

"ಬೆಳಿಗ್ಗೆ ಐದಕ್ಕೆ ಬಾಗೂರಿಗೆ ಹೊರಡಬೇಕು ಕಣಪ್ಪ. ಮಗಳನ್ನ ಹೆರಿಗೆಗೆ ಕರ್ಕಂಬರಬೇಕು. ಬಸ್ಸು ಬಾಳ ಕುಲುಕ್ತೈತೆ."

"ನಿಮ್ಮ ಗಾಡಿ ಕುಲುಕಲ್ವಾ?"

"ಇದು ನಮಗೆ ಗೊತ್ತಿರೋ ಹಂಗೆ ಕುಲುಕ್ತೈತೆ!"

ಸ್ಟೇರಿಂಗಿನಿಂದ ಮುಂದಿನ ಚಕ್ರಗಳವರೆಗಿನ ನಾಲ್ಕೂ ಜಾಯಿಂಟ್ ಬದಲಿಸಿದೆ. ಒಂದೊಂದರ ನಟ್ಟಿಗೂ ಅಡ್ಡಲಾಗಿ ಪಿನ್ ತೂರಿಸಿ, ಅದರ ಸೀಳಿದ ಎರಡು ಕಾಲು ಮಡಚಬೇಕು. ಪಿನ್ ಇಲ್ಲದಿದ್ದರೆ ನಟ್ಟು ಕಳಚಿ, ಓಡುವ ಗಾಡಿ ಕೈಗೆ ಸಿಗುವುದಿಲ್ಲ. ನಾಲ್ಕು ಪಿನ್ ಹಾಕಿದೆ. ಡೈರಿಯಲ್ಲಿ ನಾಲ್ಕು ಗೆರೆ.

ಕಳಚಿದ ಸಾಮಾನನ್ನು ಗಿರಾಕಿಗೇ ಕೊಡುವುದು ನಮ್ಮಲ್ಲಿ ರೂಢಿ, ಬದಲಿಸಿದ್ದಕ್ಕೆ ಸಾಕ್ಷಿ. ನಾಲ್ಕು ಜಾಯಿಂಟು, ನಾಲ್ಕು ತುಕ್ಕು ಪಿನ್ನು ಎಣಿಸಿ ಗೋಣಿಚೀಲಕ್ಕೆ ಹಾಕಿದೆ. ರಂಗಣ್ಣ ಬಾಯಿ ಕಟ್ಟಿ ಎತ್ತಿಕೊಂಡರು.

ಉಳಿದದ್ದು ಕೊನೆಯ ಪರೀಕ್ಷೆ. ಒಬ್ಬರು ಮೇಲೆ ಕೂತು ಸ್ಟೇರಿಂಗ್ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ಜಾಯಿಂಟ್ ನೋಡಬೇಕು. ಮುಂದಿನ ಚಕ್ರಗಳು ಜಾಕಿನ ಮೇಲಿದ್ದವು. ನಾನು ಬ್ಯಾಟರಿ ದೀಪ ಹಿಡಿದು ಗಾಡಿಯಡಿ ತೂರಿದೆ. ಗಾಡಿಯ ಬಾಗಿಲು ಧಡ್ ಎಂದಿತು. ರಂಗಣ್ಣ ಹತ್ತಿ ಕೂತರು ಅಂದುಕೊಂಡೆ. ರಾತ್ರಿ ಎಂಟು ಇಪ್ಪತ್ತು.

"ಎಡಕ್ಕೆ."

ಚಕ್ರ ಎಡಕ್ಕೆ ಹೊರಳಿತು.

"ಬಲಕ್ಕೆ."

ಬಲಕ್ಕೆ ಹೊರಳಿತು. ಗ್ರೀಸಿನ ನಡುವೆ ಒದ್ದೆ ಉಣ್ಣೆಯ ವಾಸನೆ ಬಂತು... ಆರು ಸಲ ಆಯಿತು. ಸೀಮೆಸುಣ್ಣದಿಂದ ನೆಲದ ಮೇಲೆ ಆರು ಗೆರೆ ಎಳೆದೆ.

ಏಳನೆಯ ಸಲ ಎಡಕ್ಕೆ ಹೋದ ಚಕ್ರ ಅಲ್ಲೇ ನಿಂತಿತು.

"ಬಲಕ್ಕೆ, ರಂಗಣ್ಣ."

ಅಲುಗಲಿಲ್ಲ...

"ರಂಗಣ್ಣ, ಬಲಕ್ಕೆ!"

ಸಿಟ್ಟಿನಿಂದ ಆ ಚಕ್ರದತ್ತ ಬೆಳಕು ಬಿಟ್ಟೆ. ಎಡಗಡೆ ಜಾಯಿಂಟಿನ ನಟ್ಟಿನಲ್ಲಿ ಪಿನ್ ಇರಲಿಲ್ಲ. ಬರೀ ತೂತು.

ಆಗ ಗೇಟು ಕಿರುಗುಟ್ಟಿತು. ಚಪ್ಪಲಿ ಮೆಟ್ಟಿದ ಎರಡು ಕಾಲು ಶೆಡ್ಡಿನೊಳಗೆ ಬಂದವು.

"ಯಾರ ಮ್ಯಾಲೆ ಕೂಗಾಡ್ತೀಯಪ್ಪ? ಚಾ ತಂದೀನಿ, ಆರೋಗ್ತೈತೆ ಬಾ." ರಂಗಣ್ಣನ ದನಿ.

ಹೊರಗೆ ಹೇಗೆ ಬಂದೆನೋ ನೆನಪಿಲ್ಲ. "ಒಳಗೆ ಯಾರಿದಾರೆ?" ಎಂದೆ.

"ಯಾರಿರ್ತಾರೆ? ಚೀಲ ಇಟ್ಟು ಬೀಗ ಹಾಕ್ಕಂಡು ಹೋಗಿದ್ದೆ."

ಅವರೇ ಬೀಗ ತೆಗೆದರು. ಡ್ರೈವರ್ ಸೀಟಿನ ತುಂಬ ಆ ಗೋಣಿಚೀಲ. ಅದನ್ನು ಸರಿಸದೆ ಯಾರೂ ಕೂರುವಂತಿರಲಿಲ್ಲ.

"ಪಿನ್ ನೀವು ತೆಗೆದ್ರಾ?"

"ಲೇ, ನನ್ನ ಮಗಳು ಕುಂತ್ಕಳೋ ಗಾಡಿ ಇದು! ನೀನು ಹಾಕೋದು ಮರೆತು ನನ್ನ ಮ್ಯಾಲೆ ಹೇಳ್ತೀಯಾ?"

ಡೈರಿಯ ನಾಲ್ಕು ಗೆರೆ ತೋರಿಸಿದೆ.

"ಗೆರೆ ಎಳೆಯಾಕೆ ಪೆನ್ನಿದ್ರೆ ಸಾಕು ಬಿಡು."

ಆ ಮಾತು ಚುಚ್ಚಿತು. ಚೀಲ ಇಳಿಸಿ, ಬಿಚ್ಚಿ ನೆಲಕ್ಕೆ ಸುರಿದೆ. ನಾಲ್ಕು ಜಾಯಿಂಟು. ಪಿನ್ನು ಎಣಿಸಿದೆ... ಐದು. ಐದನೆಯದು ಹೊಚ್ಚ ಹೊಸದು. ನನ್ನ ಇಕ್ಕಳದ ಗುರುತು ಅದರ ಮೇಲಿತ್ತು. ಮಡಚಿದ್ದ ಕಾಲುಗಳನ್ನು ಯಾರೋ ನೀಟಾಗಿ ನೆಟ್ಟಗೆ ಮಾಡಿದ್ದರು.

ಚೀಲದ ಬಾಯಿ ಕಟ್ಟಿದವರು ರಂಗಣ್ಣ. ಕೆಳಗೆ ಮಲಗಿದ್ದವನು ನಾನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಬೇರೆ ಪಿನ್ ಹಾಕಿ, ಕಾಲು ಮಡಚಿ, ಅವರಿಗೇ ತೋರಿಸಿದೆ. "ಈಗ ನಾನೇ ಕುಂತ್ಕತೀನಿ" ಎಂದು ಹತ್ತಿದರು.

"ಎಡಕ್ಕೆ."

ಹೋಯಿತು.

"ಬಲಕ್ಕೆ."

ಚಕ್ರ ಅಲುಗಲಿಲ್ಲ. ಮೇಲಿನಿಂದ ರಂಗಣ್ಣನ ಸಣ್ಣ ದನಿ ಬಂತು. "ಮೊದ್ಲು ನೀನು ಚಕ್ರ ಬಿಡಪ್ಪ..."

ನನ್ನ ಎರಡೂ ಕೈ ನನ್ನ ಎದೆಯ ಮೇಲಿದ್ದವು.

ಅವರು ಇಳಿದುಬಂದರು. ಚಾ ಮುಟ್ಟಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬಾಗೂರಿಗೆ ಹೋದರು, ಮಗಳನ್ನು ಬಸ್ಸಿನಲ್ಲೇ ಕರೆತಂದರು.

ಭಾನುವಾರ ಮೇಸ್ತ್ರಿ ಪರೀಕ್ಷೆ ಮಾಡಿದರು. ಇಪ್ಪತ್ತು ಸಲ ತಿರುಗಿಸಿದರೂ ಎಲ್ಲೂ ತಡೆಯಲಿಲ್ಲ. ರಂಗಣ್ಣ ಈಗಲೂ ಅದರಲ್ಲಿ ಕುರಿ ಸಾಗಿಸುತ್ತಾರೆ. ಮಗಳನ್ನಾಗಲಿ ಮೊಮ್ಮಗುವನ್ನಾಗಲಿ ಹತ್ತಿಸುವುದಿಲ್ಲ. ಅವರಿಗೆ ನನ್ನ ಮೇಲೆ ಅನುಮಾನ, ನನಗೆ ಅವರ ಮೇಲೆ. ಹಾಗೆ ಅನುಮಾನಪಡುವುದೇ ಇಬ್ಬರಿಗೂ ಹಗುರ.

ನನ್ನ ಡೈರಿಯಲ್ಲಿ ಪ್ರತಿ ಪರೀಕ್ಷೆಗೂ ಮೂರು ಕಾಲಂಗಳಿವೆ. ಹೊತ್ತು: ಎಂಟು ಇಪ್ಪತ್ತು. ಎಷ್ಟು ಸಲ: ಏಳು. ಸ್ಟೇರಿಂಗ್ ಹಿಡಿದವರ ಹೆಸರು...

ಎಷ್ಟೋ ಸಲ ಅಲ್ಲಿಗೆ ಪೆನ್ನು ಇಟ್ಟಿದ್ದೇನೆ, ತೆಗೆದಿದ್ದೇನೆ.